ಎರವಿನ ವಿನಯ

ಸತ್ಯವನ್ನು ನುಡಿಯುವವನು ತನಗೆ ತಿಳಿದುದನ್ನು ಹೇಳಿದರೆ ಸಾಕೆ, ಇಲ್ಲವೆ ಆ ತಿಳಿವನ್ನು ಎಲ್ಲಿಯವರೆಗೆ ನೆಚ್ಚಬಹುದೆಂಬುದನ್ನೂ ಹೇಳಬೇಕೆ? ಈ ಪ್ರಶ್ನೆ ಹಳೆಯದು. ಆದರೆ ಅಂಕೆಗಳು ಮಾತಿನ ಸ್ಥಾನವನ್ನು ಆಕ್ರಮಿಸಿರುವ ಈ ಕಾಲದಲ್ಲಿ ಅದು ಹೊಸ ವೇಷದಿಂದ ಎದುರಿಗೆ ಬಂದು ನಿಂತಿದೆ. ಪಂಚಾಯತಿಯ ಸಭೆಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ, ಎಲ್ಲೆಲ್ಲಿಯೂ ಇಂದು ಗಣಕಯಂತ್ರದ ಸಹಾಯದಿಂದ ಅಂಕೆಗಳು ಬಣ್ಣದ ಕಂಬಗಳಾಗಿ ಪರದೆಯ ಮೇಲೆ ಮೂಡುತ್ತವೆ. ಅಂಕೆಗಳನ್ನು ಹೀಗೆ ಕಂಬಗಳಾಗಿ ಬರೆಯುವ ಪದ್ಧತಿಯನ್ನು 1786ರಲ್ಲಿ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್‌ಲೆಂಡಿನವನು ತನ್ನ ವಾಣಿಜ್ಯ ನಕ್ಷಾಗ್ರಂಥದಲ್ಲಿ ಬಳಕೆಗೆ ತಂದನು. ಲೆಕ್ಕ ಬಾರದವನಿಗೂ ಹೆಚ್ಚು ಕಡಿಮೆಗಳನ್ನು ಒಂದೇ ನೋಟಕ್ಕೆ ತಿಳಿಸುವ ಶಕ್ತಿ ಅದಕ್ಕುಂಟು. ಅದರಲ್ಲಿ ಒಂದು ಅಪಾಯವೂ ಉಂಟು. ಕಂಬದ ತುದಿ ಗೆರೆ ಕೊರೆದಂತೆ ನೇರವಾಗಿರುತ್ತದೆ. ಸತ್ಯದ ಎತ್ತರ ಸರಿಯಾಗಿ ಇಷ್ಟೇ, ಇದಕ್ಕಿಂತ ಕೂದಲೆಳೆಯಷ್ಟು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಅದು ಸಾರುತ್ತದೆ. ಅಳೆದವನ ಮನಸ್ಸಿನಲ್ಲಿದ್ದ ಅನುಮಾನಕ್ಕೆ ಆ ಕಂಬದಲ್ಲಿ ಸ್ಥಳವಿಲ್ಲ.

ಆ ಸ್ಥಳವನ್ನು ಕೊಡುವುದಕ್ಕಾಗಿ ಏರ್ಪಟ್ಟುದೇ ಇಂಗ್ಲಿಷಿನಲ್ಲಿ 'ಎರರ್ ಬಾರ್' ಎನಿಸಿಕೊಳ್ಳುವ ದೋಷರೇಖೆ. ಕಂಬದ ತುದಿಯಿಂದ ಮೇಲಕ್ಕೂ ಕೆಳಕ್ಕೂ ಚಾಚಿ, ಎರಡು ಕೊನೆಗಳಲ್ಲಿಯೂ ಚಿಕ್ಕ ಅಡ್ಡಗೆರೆಯನ್ನುಳ್ಳ ಕಡ್ಡಿಯಂತೆ ಅದು ಕಾಣುತ್ತದೆ. ಅಳತೆಯಲ್ಲಿ ಬಂದದ್ದು ಇಷ್ಟು, ನಿಜವಾದ ಬೆಲೆಯು ಮೇಲೆ ಇಷ್ಟರವರೆಗೂ ಕೆಳಗೆ ಇಷ್ಟರವರೆಗೂ ಇದ್ದೀತು ಎಂಬುದು ಅದರ ಅರ್ಥ. ಇಲ್ಲಿ ದೋಷವೆಂದರೆ ತಪ್ಪಲ್ಲ, ಪಾಪವಂತೂ ಅಲ್ಲ. ಎಷ್ಟು ಎಚ್ಚರದಿಂದ ಅಳೆದರೂ ಉಳಿದೇ ಉಳಿಯುವ ಸಡಿಲ. ಅದನ್ನು ಒಪ್ಪಿ ತೋರಿಸುವುದು ವಿನಯ. ಆದರೆ ವಿನಯವೂ ಎರವಲು ತಂದದ್ದಾಗಬಹುದೆಂಬುದನ್ನು ಕೆಲವರೇ ಯೋಚಿಸುತ್ತಾರೆ. ವಿಚಾರ ಮಾಡತಕ್ಕ ವಿಷಯ ಅದೇ.

ಪವರ್‌ಪಾಯಿಂಟ್ ಮೊದಲಾದ ತಂತ್ರಾಂಶಗಳಲ್ಲಿ ದೋಷರೇಖೆಯನ್ನು ಸೇರಿಸುವುದು ಬಹಳ ಸುಲಭ. ನಕ್ಷೆಯನ್ನು ಒತ್ತಿದರೆ ಪಕ್ಕದಲ್ಲಿ ಕೂಡುವ ಚಿಹ್ನೆಯೊಂದು ತೋರುತ್ತದೆ. ಅದರೊಳಗೆ 'ಎರರ್ ಬಾರ್ಸ್' ಎಂಬುದನ್ನು ಆರಿಸಿದರೆ ಕಂಬಗಳಿಗೆಲ್ಲ ಕ್ಷಣದಲ್ಲಿ ಕಡ್ಡಿಗಳು ಮೂಡುತ್ತವೆ. ಅದರಲ್ಲಿ ನಾಲ್ಕು ಸಿದ್ಧ ಬಗೆಗಳಿವೆ. ಒಂದನೆಯದರಲ್ಲಿ ಎಲ್ಲ ಕಂಬಗಳಿಗೂ ಒಂದೇ ನಿಶ್ಚಿತ ಅಳತೆ. ಎರಡನೆಯದು ಶೇಕಡಾವಾರು, ಬೇರೆ ಏನನ್ನೂ ಹೇಳದಿದ್ದರೆ ಯಂತ್ರವು ತಾನಾಗಿ ಶೇಕಡಾ 5 ಎಂದು ಹಿಡಿಯುತ್ತದೆ. ಮೂರನೆಯದೂ ನಾಲ್ಕನೆಯದೂ ಪ್ರಮಾಣ ವಿಚಲನೆ, ಪ್ರಮಾಣ ದೋಷ ಎಂಬ ಶಾಸ್ತ್ರೀಯ ನಾಮಗಳನ್ನು ಹೊತ್ತಿವೆ. ಆದರೆ ಯಂತ್ರವು ಅವನ್ನು ಲೆಕ್ಕ ಹಾಕುವುದು ಪರದೆಯ ಮೇಲೆ ಕಾಣುವ ಕಂಬಗಳ ಎತ್ತರಗಳಿಂದ. ಒಂದೊಂದು ಕಂಬದ ಹಿಂದೆ ಎಷ್ಟು ಅಳತೆಗಳಿದ್ದುವು, ಅವು ಒಂದಕ್ಕೊಂದು ಎಷ್ಟು ದೂರವಿದ್ದುವು ಎಂಬುದನ್ನು ಅದು ಕಂಡೇ ಇಲ್ಲ. ಐದನೆಯ ಬಗೆಯೊಂದು ಮಾತ್ರ ಬೇರೆ. ಅದರ ಹೆಸರು 'ಕಸ್ಟಮ್'; ಸ್ವಂತದ್ದು ಎನ್ನಬಹುದು. ಅಲ್ಲಿ ಯಂತ್ರವು ತಾನೇನನ್ನೂ ಊಹಿಸದೆ ಕೇಳುತ್ತದೆ: ಮೇಲಿನ ದೋಷವೆಷ್ಟು, ಕೆಳಗಿನ ದೋಷವೆಷ್ಟು? ಒಂದೊಂದು ಕಂಬಕ್ಕೂ ಬೇರೆ ಬೇರೆಯಾಗಿ ಕೋಷ್ಟಕದಲ್ಲಿ ಬರೆದಿಟ್ಟ ಅಂಕೆಗಳನ್ನು ಅದಕ್ಕೆ ತೋರಿಸಬೇಕು. ತೋರಿಸಬೇಕಾದರೆ ಮೊದಲು ಅವು ಗೊತ್ತಿರಬೇಕು. ಗೊತ್ತಿರಬೇಕಾದರೆ ಅಳೆದವನು ತನ್ನ ಅಳತೆಯ ದೌರ್ಬಲ್ಯವನ್ನೂ ಅಳೆದಿರಬೇಕು. ಸಿದ್ಧ ಬಗೆಗೂ ಸ್ವಂತ ಬಗೆಗೂ ನೋಟಕ್ಕೆ ಭೇದವಿಲ್ಲ. ಕಡ್ಡಿಗಳೆರಡೂ ಒಂದೇ ತೆರ. ಭೇದವಿರುವುದು ಅವುಗಳ ಹಿಂದಿನ ನಡತೆಯಲ್ಲಿ.

ಈ ನಡತೆ ಕನ್ನಡಿಗರಿಗೆ ಹೊಸತಲ್ಲ. ಹೊಳೆನರಸೀಪುರದ ಕಡೆಯ ರೈತನನ್ನು ಈ ವರ್ಷ ರಾಗಿ ಎಷ್ಟಾದೀತೆಂದು ಕೇಳಿದರೆ, ಏಳೆಂಟು ಪಲ್ಲವಾದೀತು ಎನ್ನುತ್ತಾನೆಯೇ ಹೊರತು ಏಳೂವರೆ ಎನ್ನುವುದಿಲ್ಲ. ಒಂದೆರಡು, ಐದಾರು, ಹತ್ತಿಪ್ಪತ್ತು ಎಂಬ ಜೋಡಿಮಾತುಗಳು ಭಾಷೆಯೇ ಕಟ್ಟಿಕೊಟ್ಟಿರುವ ದೋಷರೇಖೆಗಳು. ಅವುಗಳಲ್ಲಿ ತರತಮವೂ ಉಂಟು: ಐದಾರರ ಸಡಿಲ ಚಿಕ್ಕದು, ಹತ್ತಿಪ್ಪತ್ತರದು ದೊಡ್ಡದು, ಮಾತನಾಡುವವನು ತನಗಿರುವ ನೆಚ್ಚಿಕೆಗೆ ತಕ್ಕಂತೆ ಒಂದನ್ನು ಆರಿಸಿಕೊಳ್ಳುತ್ತಾನೆ. ಸಂತೆಯಲ್ಲಿ ಸೇರು ತುಂಬಿದ ಮೇಲೆ ಹಾಕುವ ಕೊಸರೂ ಇದೇ ಜಾತಿಯದು. ಅಳತೆಯಲ್ಲಿ ಎಲ್ಲಿಯಾದರೂ ಕೊರೆ ಬಿದ್ದಿದ್ದರೆ ತುಂಬಿಕೊಳ್ಳಲಿ ಎಂಬ ಭಾವ ಅದರಲ್ಲಿ ಅಡಗಿದೆ. ಕೊಸರನ್ನು ಹಾಕುವವನು ತನ್ನ ರಾಶಿಯಿಂದ ಹಾಕಬೇಕೇ ಹೊರತು ಪಕ್ಕದ ಅಂಗಡಿಯಿಂದ ತಂದು ಹಾಕುವುದಿಲ್ಲ. ದೋಷರೇಖೆಯ ನ್ಯಾಯವೂ ಅದೇ ಎಂಬುದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು.

ಬೆಳೆಯ ಇಳುವರಿಯನ್ನು ಗೊತ್ತುಮಾಡುವುದಕ್ಕೆ ಬ್ರಿಟಿಷರ ಆಳಿಕೆಯಲ್ಲಿ ಬಹುಕಾಲ ಕಣ್ಣಂದಾಜೇ ಆಧಾರವಾಗಿತ್ತು. ಅಧಿಕಾರಿಗಳು ಹೊಲವನ್ನು ನೋಡಿ ಬೆಳೆ ಇಷ್ಟಾಣೆ ಎಂದು ಬರೆಯುತ್ತಿದ್ದರು. 1920ರ ದಶಕದಲ್ಲಿ ಬಿಹಾರ ಒರಿಸ್ಸಾ ಪ್ರಾಂತದಲ್ಲಿ ಜೆ. ಎ. ಹಬ್ಬಕ್ ಎಂಬ ಅಧಿಕಾರಿಯು ಗದ್ದೆಗಳಲ್ಲಿ ಚೀಟಿಯೆತ್ತಿದಂತೆ ಪಕ್ಷಪಾತವಿಲ್ಲದೆ ಸಣ್ಣ ತುಂಡುಗಳನ್ನು ಆರಿಸಿ, ಕೊಯ್ದು ತೂಗಿ, ಸರಾಸರಿಯೊಡನೆ ಅದರ ದೋಷವನ್ನೂ ಲೆಕ್ಕ ಹಾಕುವ ಕ್ರಮವನ್ನು ತೋರಿಸಿಕೊಟ್ಟನು. ಪ್ರಶಾಂತಚಂದ್ರ ಮಹಾಲನೋಬಿಸರೂ ಪಿ. ವಿ. ಸುಖಾತ್ಮೆಯವರೂ ಮುಂದೆ ಅದನ್ನು ಬೆಳೆಸಿದರು. ಇಂದು ಬೆಳೆ ಕಟಾವು ಪ್ರಯೋಗವೆಂಬ ಹೆಸರಿನಿಂದ ಅದು ಹಳ್ಳಿಹಳ್ಳಿಗಳಲ್ಲಿಯೂ ನಡೆಯುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪ್ರಮುಖ ಬೆಳೆಗೆ ಗ್ರಾಮಪಂಚಾಯತಿಯೊಂದಕ್ಕೆ ಕನಿಷ್ಠ ನಾಲ್ಕು ಪ್ರಯೋಗಗಳು ನಡೆಯಬೇಕೆಂದು ವಿಧಿಸಿದೆ. ಅವುಗಳ ಸರಾಸರಿಯು ಮೊದಲೇ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಆ ಪಂಚಾಯತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ರೈತರೆಲ್ಲರಿಗೂ ಪರಿಹಾರ ದೊರೆಯುತ್ತದೆ, ಮೇಲಿದ್ದರೆ ಇಲ್ಲ. ನಾಲ್ಕು ತುಂಡು ನೆಲದ ತೂಕದ ಮೇಲೆ ನೂರಾರು ಮನೆಗಳ ವರ್ಷದ ಅನ್ನ ನಿಂತಿರುತ್ತದೆ.

ಹಳ್ಳಿಮೈಸೂರು ಹೋಬಳಿಯ ಒಂದು ಪಂಚಾಯತಿಯಲ್ಲಿ ರಾಗಿಗೆ ಇಂಥ ನಾಲ್ಕು ಪ್ರಯೋಗಗಳು ನಡೆದುವೆಂದು ಕಲ್ಪಿಸಿಕೊಳ್ಳಬಹುದು. ಒಂದೊಂದು ತುಂಡೂ 25 ಚದರ ಮೀಟರು. ದೊರೆತ ರಾಗಿ ಕ್ರಮವಾಗಿ 3, 4, 5, 6 ಕಿಲೋಗ್ರಾಂ. ಸರಾಸರಿ ನಾಲ್ಕೂವರೆ. ಹೆಕ್ಟೇರಿಗೆ ಇಂಥ 400 ತುಂಡುಗಳಾದುದರಿಂದ ಇಳುವರಿ 18 ಕ್ವಿಂಟಲ್. ತೂಗುವಲ್ಲಿ ಕಾಲು ಕಿಲೋಗ್ರಾಂ ವ್ಯತ್ಯಾಸವಾದರೆ ಹೆಕ್ಟೇರಿಗೆ ಒಂದು ಕ್ವಿಂಟಲ್ ವ್ಯತ್ಯಾಸವಾಗುವುದೆಂಬುದನ್ನು ಇಲ್ಲಿ ಮರೆಯತಕ್ಕದ್ದಲ್ಲ. ಪರಿಹಾರದ ಮಟ್ಟ 17 ಕ್ವಿಂಟಲ್ ಎಂದಿಟ್ಟುಕೊಂಡರೆ, ಪರದೆಯ ಮೇಲೆ 18ರ ಕಂಬವು 17ರ ಗೆರೆಯನ್ನು ದಾಟಿ ನಿಲ್ಲುತ್ತದೆ. ನಕ್ಷೆ ಬರೆದವನು ವಿನಯವಂತನಾಗಿ ಸಿದ್ಧ ಬಗೆಯ ಶೇಕಡಾ 5ರ ದೋಷರೇಖೆಯನ್ನು ಸೇರಿಸಿದನೆಂದರೆ, ಅದು 17.1ರಿಂದ 18.9ರವರೆಗೆ ಚಾಚುತ್ತದೆ. ಕಡ್ಡಿಯ ಕೆಳಗಿನ ಕೊನೆಯೂ ಗೆರೆಯ ಮೇಲೆಯೇ ಇದೆ. ನೋಡಿದವರು, ಅನುಮಾನವನ್ನೆಲ್ಲ ಕಳೆದರೂ ಬೆಳೆ ಮಟ್ಟದ ಮೇಲಿದೆಯೆಂದು ನಿಶ್ಚಯಿಸುತ್ತಾರೆ.

ಈಗ ಆ ನಾಲ್ಕು ತೂಕಗಳನ್ನೇ ಕೇಳಬೇಕು. ಅವು ಒಂದಕ್ಕೊಂದು ಎಷ್ಟು ದೂರವಿವೆಯೋ ಅದರಿಂದ ಲೆಕ್ಕ ಹಾಕಿದರೆ ಸರಾಸರಿಯ ಪ್ರಮಾಣ ದೋಷ ಸುಮಾರು 2.6 ಕ್ವಿಂಟಲ್. ಆಗ ಕಡ್ಡಿಯು 15.4ರಿಂದ 20.6ರವರೆಗೆ ಚಾಚಿ, 17ರ ಗೆರೆಯನ್ನು ನಡುವೆ ಕತ್ತರಿಸುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಡಬ್ಲಿನ್ ನಗರದ ಗಿನ್ನೆಸ್ ಮದ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ಎಂಬವನು 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ 1908ರಲ್ಲಿ ಪ್ರಕಟಿಸಿದ ಗಣಿತವು, ಅಳತೆಗಳು ಸ್ವಲ್ಪವಾಗಿದ್ದಾಗ ಸಡಿಲವನ್ನು ಇನ್ನೂ ಹೆಚ್ಚಾಗಿ ಎಣಿಸಬೇಕೆಂದು ತೋರಿಸಿತು. ನೂರಕ್ಕೆ ತೊಂಬತ್ತೈದರ ನೆಚ್ಚಿಕೆ ಬೇಕೆಂದರೆ, ನಾಲ್ಕೇ ಅಳತೆಗಳಿರುವಲ್ಲಿ ಪ್ರಮಾಣ ದೋಷವನ್ನು 3.18ರಿಂದ ಗುಣಿಸತಕ್ಕದ್ದು. ಆಗ ದೋಷವು ಹೆಚ್ಚು ಕಡಿಮೆ 8 ಕ್ವಿಂಟಲ್ ಆಗುತ್ತದೆ. ಸಿದ್ಧ ಕಡ್ಡಿಯು ಹೇಳಿದ್ದು 1 ಕ್ವಿಂಟಲಿಗೂ ಕಡಿಮೆ. ತುಂಡುಗಳು ಹೇಳುವುದು 8. ಅನುಮಾನವನ್ನು ತೋರಿಸುತ್ತೇನೆಂದು ಬಂದ ಗೆರೆಯು ಅನುಮಾನವನ್ನು ಮರೆಮಾಡಿಬಿಟ್ಟಿತು.

ಇಲ್ಲಿಯೇ ಎರವಿನ ವಿನಯದ ಕೇಡು ಕಾಣುವುದು. ದೋಷರೇಖೆಯೇ ಇಲ್ಲದ ಕಂಬವನ್ನು ಕಂಡಾಗ ವಿವೇಕಿಯಾದವನು, ಇದರ ಸಡಿಲವೆಷ್ಟೆಂದು ಒಮ್ಮೆಯಾದರೂ ಕೇಳಿಯಾನು. ಸಿದ್ಧ ದೋಷರೇಖೆಯುಳ್ಳ ಕಂಬವು ಆ ಪ್ರಶ್ನೆಯನ್ನು ಬಾಯಿಗೆ ಬರುವ ಮೊದಲೇ ನುಂಗಿಬಿಡುತ್ತದೆ. ಉತ್ತರದಂತೆ ಕಾಣುವ ವಸ್ತುವೊಂದು ಅಲ್ಲಿ ಆಗಲೇ ಕುಳಿತಿದೆ. ಮದುವೆಯ ಮನೆಗೆ ಎರವಲು ಒಡವೆ ಇಟ್ಟುಕೊಂಡು ಬಂದವಳಿಂದ ಯಾರಿಗೂ ನಷ್ಟವಿಲ್ಲ. ಆದರೆ ಅದೇ ಒಡವೆಯನ್ನು ತನ್ನದೆಂದು ಅಡವಿಟ್ಟು ಸಾಲ ಪಡೆದರೆ ಮೋಸವಾಗುತ್ತದೆ. ದೋಷರೇಖೆಯು ಸಭೆಯ ನಂಬಿಕೆಯನ್ನು ಪಡೆಯುವುದಕ್ಕಾಗಿ ಇಟ್ಟ ಅಡವು. ಅದು ಎರವಲಿನದಾಗಿರಕೂಡದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಆಡಳಿತಕ್ಕೆ ಒಂದೇ ಅಂಕೆ ಬೇಕು, ಪರಿಹಾರವನ್ನು ಕೊಡಬೇಕು ಇಲ್ಲವೆ ಬಿಡಬೇಕು ಎಂಬುದು. ಈ ಮಾತು ನಿಜ. ಎಲ್ಲಿಯೋ ಒಂದು ಕಡೆ ಗೆರೆಯನ್ನೆಳೆದು ನಿರ್ಣಯ ಮಾಡಲೇಬೇಕು. ಆದರೆ ನಿರ್ಣಯವು ಖಚಿತವಾಗಿರುವುದು ಬೇರೆ, ತಿಳಿವು ಖಚಿತವಾಗಿರುವುದು ಬೇರೆ. ತಿಳಿವಿನ ಸಡಿಲವನ್ನು ಕಂಡವನು ಮುಂದಿನ ವರ್ಷ ನಾಲ್ಕರ ಸ್ಥಾನದಲ್ಲಿ ಹದಿನಾರು ಪ್ರಯೋಗಗಳನ್ನು ನಡೆಸಿದರೆ ಪ್ರಮಾಣ ದೋಷ ಅರ್ಧಕ್ಕೆ ಇಳಿಯುವುದೆಂದು ಯೋಚಿಸಿಯಾನು. ಕಾಣದವನಿಗೆ ಆ ಯೋಚನೆಗೆ ಕಾರಣವೇ ಇರುವುದಿಲ್ಲ. ಎರಡನೆಯದು ಇನ್ನೂ ಬಲವಾದ ಆಕ್ಷೇಪ: ಅಧಿಕಾರದಲ್ಲಿರುವವನು ತನ್ನ ಅನುಮಾನವನ್ನು ಹೊರಗೆಡವಿದರೆ ಜನರ ನಂಬಿಕೆ ಕುಸಿಯುತ್ತದೆ, ಭೀತಿ ಹೆಚ್ಚುತ್ತದೆ ಎಂಬುದು. ಇದನ್ನು ಪರೀಕ್ಷಿಸುವುದಕ್ಕೆ ಹಾಸನ ಜಿಲ್ಲೆಯಲ್ಲಿಯೇ ಒಂದು ನಿದರ್ಶನ ಉಂಟು.

2025ರ ಮೇ, ಜೂನ್ ತಿಂಗಳುಗಳಲ್ಲಿ ಜಿಲ್ಲೆಯಲ್ಲಿ ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ವಾರ್ತೆ ನಾಡಿನಲ್ಲೆಲ್ಲ ಹಬ್ಬಿತು. ಅವರಲ್ಲಿ ಎಳೆಯ ಪ್ರಾಯದವರೂ ಇದ್ದುದರಿಂದ ಸಂಕಟ ಇಮ್ಮಡಿಯಾಯಿತು. ದಿನದಿನವೂ ಲೆಕ್ಕ ಏರುತ್ತಿತ್ತು. ಲೆಕ್ಕದೊಡನೆ ಭೀತಿಯೂ ಏರಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನರು ತಪಾಸಣೆಗಾಗಿ ಸಾಲುಗಟ್ಟಿದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರವು ನೇಮಿಸಿದ ಸಮಿತಿಯು ಅದೇ ಜುಲೈ ತಿಂಗಳಲ್ಲಿ ವರದಿಯನ್ನು ಕೊಟ್ಟಿತು. ವಿಚಾರಿಸಿದ 24 ಮರಣಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದುವು, 4ಕ್ಕೆ ಬೇರೆ ಕಾರಣಗಳು. ಜಿಲ್ಲೆಯಲ್ಲಿ ಹೃದಯದ ಮರಣಗಳು ಅಸಹಜವಾಗಿ ಏರಿದುದು ಕಂಡುಬರಲಿಲ್ಲ.

ಆ ದಿನಗಳಲ್ಲಿ ಏರುತ್ತಿದ್ದ ಕಂಬಕ್ಕೆ ದೋಷರೇಖೆಯಿರಲಿಲ್ಲ. ಇದ್ದಿದ್ದರೆ ಅದು ಏನು ಹೇಳುತ್ತಿತ್ತು? ಒಂದರ ಸಂಬಂಧ ಒಂದಕ್ಕಿಲ್ಲದೆ ಆಗಾಗ ಸಂಭವಿಸುವ ಘಟನೆಗಳನ್ನು ಎಣಿಸಿದಾಗ, ಆ ಎಣಿಕೆಯ ಸಹಜವಾದ ತೂಗಾಟವು ಅದರ ವರ್ಗಮೂಲದಷ್ಟಿರುತ್ತದೆಂಬುದು ಗಣಿತದ ನಿಯಮ. ಇಪ್ಪತ್ತರ ವರ್ಗಮೂಲ ಸುಮಾರು ನಾಲ್ಕೂವರೆ; ಅದರ ಎರಡರಷ್ಟು ಒಂಬತ್ತು. ಹೊಸ ಕಾರಣ ಯಾವುದೂ ಇಲ್ಲದೆಯೇ ಒಂದು ನಲವತ್ತು ದಿನಗಳಲ್ಲಿ 11, ಇನ್ನೊಂದು ನಲವತ್ತು ದಿನಗಳಲ್ಲಿ 29 ಆಗಬಹುದು. ಸಿದ್ಧ ಬಗೆಯ ಶೇಕಡಾ 5 ಇಲ್ಲಿ ಒಂದೇ ಒಂದು ಮರಣದಷ್ಟಾಗುತ್ತದೆ. ಇದಲ್ಲದೆ, 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17,76,421. ವರ್ಷಕ್ಕೆ ಸಾವಿರಕ್ಕೆ ಆರೇಳರಂತೆ ಹಿಡಿದರೆ ಎಲ್ಲ ಕಾರಣಗಳಿಂದಲೂ ದಿನಕ್ಕೆ ಮೂವತ್ತರ ಆಸುಪಾಸಿನಲ್ಲಿ ಮರಣಗಳಾಗುತ್ತವೆ. ನಲವತ್ತು ದಿನಗಳಿಗೆ ಸುಮಾರು 1,200. ಅವುಗಳಲ್ಲಿ ವಾರ್ತೆಯಾದುವು ಇಷ್ಟು ಮಾತ್ರ. ಯಾವುವು ವಾರ್ತೆಯಾದುವು, ಯಾವುವು ಆಗಲಿಲ್ಲ ಎಂಬುದರ ದೋಷವನ್ನು ಯಾವ ಸೂತ್ರವೂ ಹೇಳಲಾರದು. ನಾಲ್ಕು ಮರಣಗಳಿಗೆ ಬೇರೆ ಕಾರಣವಿತ್ತೆಂಬುದೂ ಸೂತ್ರದಿಂದ ತಿಳಿದದ್ದಲ್ಲ, ಒಂದೊಂದನ್ನೂ ಬಿಡಿಸಿ ವಿಚಾರಿಸಿದುದರಿಂದ ತಿಳಿದದ್ದು. ಮೇಲಿನ ಸಡಿಲವೂ ಕೆಳಗಿನ ಸಡಿಲವೂ ಸಮನಾಗಿರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಸ್ವಂತ ಬಗೆಯಲ್ಲಿ ಯಂತ್ರವು ಎರಡನ್ನೂ ಬೇರೆ ಬೇರೆಯಾಗಿ ಕೇಳುವುದು ಅದಕ್ಕಾಗಿಯೇ.

ಹೀಗೆ ಹೇಳುವುದರಿಂದ ಮೃತರಾದವರ ಮನೆಯ ದುಃಖ ಎಳ್ಳಷ್ಟೂ ಹಗುರವಾಗುವುದಿಲ್ಲ. ಹಗುರಮಾಡುವುದು ದೋಷರೇಖೆಯ ಕೆಲಸವೂ ಅಲ್ಲ. ತಾಯಿಗೆ ಮಗನು ಎಣಿಕೆಯೊಳಗಿನ ಒಂದಲ್ಲ. ಆದರೆ ಆ ದುಃಖವನ್ನು ಕಂಡು ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡ ಸಾವಿರಾರು ಜನರಿಗೆ, ಈ ಎಣಿಕೆಯು ತಾನಾಗಿಯೇ ಎಷ್ಟು ತೂಗಾಡುವುದೆಂದು ಹೇಳುವವರು ಬೇಕಾಗಿತ್ತು. ಅಲ್ಲಿ ಭೀತಿಯನ್ನು ಬೆಳೆಸಿದ್ದು ಅನುಮಾನವನ್ನು ಹೇಳಿದುದಲ್ಲ, ಹೇಳದೆ ಬಿಟ್ಟುದು. ಎರಡನೆಯ ಆಕ್ಷೇಪಕ್ಕೆ ಇದು ಸಮಾಧಾನ.

ಹಾಗಾದರೆ ದೋಷರೇಖೆಯು ಸಂದೇಹವಾದವೆ? ಅಲ್ಲವೆಂಬುದನ್ನು ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಪರಂಪರೆ ಚೆನ್ನಾಗಿ ತಿಳಿಸಿಕೊಡಬಲ್ಲುದು. ಸಮಂತಭದ್ರ, ಅಕಳಂಕ ಮೊದಲಾದ ಜೈನಾಚಾರ್ಯರು ಪ್ರತಿಪಾದಿಸಿದ ಸ್ಯಾದ್ವಾದದಲ್ಲಿ ಪ್ರತಿಯೊಂದು ವಾಕ್ಯಕ್ಕೂ 'ಸ್ಯಾತ್' ಎಂಬ ಮಾತನ್ನು ಸೇರಿಸುತ್ತಾರೆ. ಅದನ್ನು 'ಇದ್ದರೂ ಇರಬಹುದು' ಎಂಬ ಅಳುಕಿನ ಮಾತೆಂದು ತಿಳಿಯುವವರುಂಟು. ಆಚಾರ್ಯರ ಅಭಿಪ್ರಾಯ ಅದಲ್ಲ. 'ಒಂದು ನಿಯತವಾದ ದೃಷ್ಟಿಯಿಂದ' ಎಂದು ಅದರ ಅರ್ಥ. ಅದೇ ವಾಕ್ಯದಲ್ಲಿ ನಿಶ್ಚಯವನ್ನು ಸೂಚಿಸುವ 'ಏವ' ಎಂಬ ಮಾತೂ ಇರುತ್ತದೆ. ಎಂದರೆ ಎಲ್ಲೆಯನ್ನು ಹೇಳಿದ ಮೇಲೆ ಎಲ್ಲೆಯೊಳಗೆ ಅಳುಕಿಲ್ಲ. ಸಂಖ್ಯಾಶಾಸ್ತ್ರದ ತಳಹದಿಗೂ ಸ್ಯಾದ್ವಾದಕ್ಕೂ ಇರುವ ಹೋಲಿಕೆಯನ್ನು ಮಹಾಲನೋಬಿಸರು 1954ರಲ್ಲಿ ಬರೆದ ಲೇಖನದಲ್ಲಿ ಎತ್ತಿ ತೋರಿಸಿದರು. 1957ರಲ್ಲಿ ಜೀವವಿಜ್ಞಾನಿ ಹಾಲ್ಡೇನರೂ ಇದನ್ನು ಕುರಿತು ಬರೆದರು. ಕಂಬವೊಂದೇ ಇದ್ದರೆ ಅದು 'ಏವ' ಮಾತ್ರವುಳ್ಳ ಹಟದ ಮಾತು. ಎಷ್ಟೆಂದು ತಿಳಿಯದೆ ಎಳೆದ ಕಡ್ಡಿಯು 'ಸ್ಯಾತ್' ಎಂಬುದನ್ನು ಅರ್ಥವರಿಯದೆ ಉಚ್ಚರಿಸಿದಂತೆ. ತನ್ನ ಅಳತೆಯಿಂದಲೇ ಹುಟ್ಟಿದ ಕಡ್ಡಿಯಲ್ಲಿ ಎರಡೂ ಕೂಡಿರುತ್ತವೆ.

ಸ್ವಂತ ಬಗೆಯನ್ನು ಆರಿಸಿದ ಮಾತ್ರಕ್ಕೆ ಪ್ರಾಮಾಣಿಕತೆ ಸಿದ್ಧಿಸಿತೆಂದು ತಿಳಿಯಬಾರದು. ಯಂತ್ರವು ಕೇಳುತ್ತದೆಯೇ ಹೊರತು ಪರೀಕ್ಷಿಸುವುದಿಲ್ಲ. ಇಷ್ಟ ಬಂದ ಅಂಕೆಯನ್ನು ಕೊಟ್ಟರೂ ಕಡ್ಡಿಯನ್ನು ಎಳೆಯುತ್ತದೆ. ತನ್ನ ಫಲಿತಾಂಶವನ್ನು ಮೆರೆಸಬೇಕೆಂಬವನು ಕಡ್ಡಿಯನ್ನು ಕುಗ್ಗಿಸಿಯಾನು. ಜವಾಬ್ದಾರಿಯಿಂದ ಜಾರಿಕೊಳ್ಳಬೇಕೆಂಬವನು ಅದನ್ನು ಹಿಗ್ಗಿಸಿ, ಏನೂ ಹೇಳಲಾಗದೆಂದು ಕೈ ತೊಳೆದುಕೊಂಡಾನು. ಇದೂ ಅಸತ್ಯವೇ, ತಿಳಿದುದನ್ನು ತಿಳಿಯದೆಂದು ಹೇಳಿದಂತಾಯಿತು. ಮೇಲಿನ ರಾಗಿಯ ಉದಾಹರಣೆಯಲ್ಲಿ 2.6 ಕ್ವಿಂಟಲಿನ ಕಡ್ಡಿಯೂ 8 ಕ್ವಿಂಟಲಿನ ಕಡ್ಡಿಯೂ ಒಂದೇ ನಾಲ್ಕು ತೂಕಗಳಿಂದ ಬಂದುವೆಂಬುದನ್ನು ನೆನೆದರೆ, ಕಡ್ಡಿಯು ಯಾವ ಲೆಕ್ಕದ್ದೆಂದು ಅದರ ಕೆಳಗೆ ಬರೆಯುವುದು ಎಷ್ಟು ಅವಶ್ಯಕವೆಂಬುದು ತಿಳಿಯುತ್ತದೆ. ಅಳತೆಗಳೆಷ್ಟು, ಕಡ್ಡಿ ತೋರಿಸುವುದು ಯಾವ ದೋಷವನ್ನು, ಅದು ಎಲ್ಲಿಂದ ಬಂತು, ಈ ಮೂರನ್ನೂ ಬರೆಯದ ನಕ್ಷೆಯು ಸಹಿಯಿಲ್ಲದ ಪತ್ರದಂತೆ.

ಸುಳ್ಳು ಹೇಳಬಾರದೆಂಬುದು ಎಲ್ಲರೂ ಒಪ್ಪಿದ ಧರ್ಮ. ಹೇಳುವ ನಿಜವನ್ನು ಅದರ ಎಲ್ಲೆಯೊಡನೆ ಹೇಳಬೇಕೆಂಬುದು ಅದಕ್ಕಿಂತ ಕಷ್ಟವಾದ ಧರ್ಮ. ಏತಕ್ಕೆಂದರೆ ಎಲ್ಲೆಯನ್ನು ತಿಳಿಯುವುದಕ್ಕೆ ಇನ್ನೊಂದು ಸಲ ಹೊಲಕ್ಕೆ ಹೋಗಬೇಕು, ಇನ್ನೊಂದು ಸಲ ತೂಗಬೇಕು, ತೂಕ ಹಿಂದಿನದಕ್ಕೆ ಹೊಂದದಿದ್ದರೆ ಅದನ್ನು ಬಚ್ಚಿಡದೆ ಬರೆಯಬೇಕು. ಯಂತ್ರವು ನಾಲ್ಕು ಸಿದ್ಧ ಉತ್ತರಗಳನ್ನು ಮುಂದಿಟ್ಟು, ಐದನೆಯ ಸ್ಥಾನವನ್ನು ಬರಿದಾಗಿ ಬಿಟ್ಟಿದೆ. ಆ ಬರಿದಾದ ಸ್ಥಾನದಲ್ಲಿ ಬರೆಯಲು ತನ್ನಲ್ಲಿ ಅಂಕೆಯಿಲ್ಲವೆಂದು ಕಂಡುಕೊಂಡವನು, ಕಡ್ಡಿಯನ್ನು ಎಳೆಯದೆ, ಸಡಿಲವನ್ನು ಇನ್ನೂ ಅಳೆದಿಲ್ಲವೆಂದು ನಕ್ಷೆಯ ಕೆಳಗೆ ಒಂದು ಸಾಲು ಬರೆದರೂ ಸಾಕು. ಪರಿಹಾರಕ್ಕಾಗಿ ಕಾದು ಕುಳಿತ ರೈತನಿಗೆ ಎರವಿನ ಕಡ್ಡಿಗಿಂತ ಆ ಒಂದು ಸಾಲಿನಿಂದ ಹೆಚ್ಚಿನ ಉಪಕಾರವಾಗುತ್ತದೆ. ಅದನ್ನು ಹಿಡಿದು ಅವನು, ಹಾಗಾದರೆ ಮತ್ತೊಮ್ಮೆ ಅಳೆಯಿರಿ ಎಂದು ಕೇಳಬಲ್ಲನು.